ಪಿಯುಸಿ ಆದ ಮೇಲೆ ಕ್ರಿಮಿನಾಲಜಿ ಓದುವುದು ಹೇಗೆ? ಮಂಗಳೂರು, ಉಡುಪಿ ಕಡೆಯವರು ತಿಳಿಸಿ

ಕಾಪು ಕಡಲು

ಎಲ್ಲರಿಗೂ ನಮಸ್ಕಾರ. ನಾನು ಕಾಪು ಹತ್ತಿರದವಳು. ದ್ವಿತೀಯ ಪಿಯುಸಿ ಆರ್ಟ್ಸ್ ಮುಗಿಯಿತು. ಮುಂದೆ ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರ, ಓದುವ ಆಸೆ. ಅಪ್ಪ ಬಿ.ಕಾಂ. ಮಾಡಿ ಬ್ಯಾಂಕ್ ಪರೀಕ್ಷೆ ಬರಿ ಅನ್ನುತ್ತಾರೆ. ಅಮ್ಮನಿಗೆ ಪೊಲೀಸ್, ಕೋರ್ಟು ಅಂದರೆ ಹೆದರಿಕೆ.

ಪಕ್ಕದ ಮನೆಯ ಅಜ್ಜಿಯ ಸರ ಎಳೆದುಕೊಂಡು ಹೋದ ಕೇಸಿನಲ್ಲಿ ಅವರ ಜೊತೆ ಠಾಣೆಗೆ, ಆಮೇಲೆ ಕೋರ್ಟಿಗೆ ಹೋಗಿದ್ದೆ. ಸರ ಕದ್ದವನು ನನಗಿಂತ ಸ್ವಲ್ಪ ದೊಡ್ಡವನು ಅಷ್ಟೇ. ಅವನು ಯಾಕೆ ಹಾಗೆ ಮಾಡಿದ? ಕಳೆದುಕೊಂಡ ಅಜ್ಜಿಗೆ ಯಾಕೆ ಅಷ್ಟು ಓಡಾಟ? ಸರ ಸಿಕ್ಕಿದ ಮೇಲೂ ಅವರ ಕೈಗೆ ಬರಲು ಯಾಕೆ ತಡ? ಇದನ್ನೆಲ್ಲ ಕಲಿಸುವ ಓದು ಉಂಟಾ? ಇದ್ದರೆ ನಮ್ಮ ಕಡೆ ಎಲ್ಲಿ? ಆರ್ಟ್ಸ್ ಓದಿದವರಿಗೆ ಸಿಗುತ್ತದಾ? ಓದಿದ ಮೇಲೆ ಕೆಲಸ ಎಂತದು?

ಬಲ್ಮಠ ಬಸ್‌ಸ್ಟಾಪ್

ಲ್ಯಾಬ್ ಕೆಲಸದ ಯೋಚನೆ ಇದ್ದರೆ ಪಿಯುಸಿಯಲ್ಲೇ ಸೈನ್ಸ್ ಬೇಕಿತ್ತು. ಆರ್ಟ್ಸ್ ಆದರೆ ಲಾ ಮಾಡುವುದು ಒಳ್ಳೆಯದು ತಂಗಿ.

ವೆಲೆನ್ಸಿಯಾ ಹಳಬಳು

ನಾನು ಕ್ರಿಮಿನಾಲಜಿಯಲ್ಲಿ ಸ್ನಾತಕೋತ್ತರ ಮಾಡಿದವಳು. ಈಗ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ನೀವು ಕೇಳಿದ ಮೂರೂ ಪ್ರಶ್ನೆ ಈ ವಿಷಯದ ಒಳಗಿನವೇ. ಮೊದಲನೆಯದು ಅಪರಾಧ ಯಾಕೆ ಆಗುತ್ತದೆ ಅನ್ನುವುದು. ಎರಡನೆಯದು ಸಂತ್ರಸ್ತರ ಬಗ್ಗೆ. ಮೂರನೆಯದು ಪೊಲೀಸ್, ಕೋರ್ಟು, ಜೈಲು ಇವೆಲ್ಲ ಹೇಗೆ ಕೆಲಸ ಮಾಡುತ್ತವೆ ಅನ್ನುವುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಫೊರೆನ್ಸಿಕ್ ಸೈನ್ಸ್ ಬೇರೆ, ಕ್ರಿಮಿನಾಲಜಿ ಬೇರೆ. ರಕ್ತದ ಕಲೆ ಯಾರದ್ದು, ವಿಷ ಯಾವುದು, ಸಹಿ ನಿಜವಾ ಅಂತ ಹೇಳುವುದು ಫೊರೆನ್ಸಿಕ್. ಅದಕ್ಕೆ ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಬೇಕು. ಕ್ರಿಮಿನಾಲಜಿ ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನು ಇವುಗಳ ಹತ್ತಿರದ್ದು. ನಮ್ಮ ದೇಶದಲ್ಲಿ ತುಂಬ ಕಡೆ ಎರಡನ್ನೂ ಒಂದೇ ವಿಭಾಗದಲ್ಲಿ ಇಟ್ಟಿದ್ದಾರೆ. ಸಾಗರ್ ವಿಶ್ವವಿದ್ಯಾಲಯ 1959ರಲ್ಲಿ ಶುರು ಮಾಡಿದ ವಿಭಾಗವೂ ಹಾಗೆಯೇ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೂ ಹಾಗೆಯೇ. ಅದಕ್ಕೇ ಜನರಿಗೆ ಎರಡೂ ಒಂದೇ ಅನಿಸುತ್ತದೆ.

ನಮ್ಮ ಊರಿನಲ್ಲಿ ವೆಲೆನ್ಸಿಯಾದ ರೋಶನಿ ನಿಲಯ ಉಂಟು. 1960ರಲ್ಲಿ ಶುರುವಾದ ಸಮಾಜಕಾರ್ಯ ಕಾಲೇಜು. ಅಲ್ಲಿ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ಸ್ನಾತಕೋತ್ತರ ವಿಭಾಗ ಇದೆ. ಡಿಗ್ರಿಯಲ್ಲಿ ಈ ವರ್ಷ ಯಾವ ಕಾಂಬಿನೇಷನ್ ಇದೆ, ಯಾವ ಕೋರ್ಸಿಗೆ ಆರ್ಟ್ಸ್‌ನವರನ್ನು ತೆಗೆದುಕೊಳ್ಳುತ್ತಾರೆ ಅಂತ ಕಾಲೇಜಿಗೇ ಹೋಗಿ ಕೇಳಿ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಮದ್ರಾಸ್ ವಿಶ್ವವಿದ್ಯಾಲಯ, ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯ ಇವೂ ಈ ವಿಷಯಕ್ಕೆ ಹೆಸರಾದವು. ಡಿಗ್ರಿಯಲ್ಲಿ ಸಮಾಜಶಾಸ್ತ್ರವೋ ಮನಃಶಾಸ್ತ್ರವೋ ಓದಿ ಆಮೇಲೆ ಇದಕ್ಕೆ ಬಂದವರು ನನ್ನ ಕ್ಲಾಸಿನಲ್ಲೇ ಜಾಸ್ತಿ ಇದ್ದರು.

ಏನು ಕಲಿಸುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1979ರಲ್ಲಿ ಕೋಹೆನ್ ಮತ್ತು ಫೆಲ್ಸನ್ ಅನ್ನುವ ಇಬ್ಬರು ಅಮೆರಿಕದಲ್ಲಿ ಒಂದು ಪ್ರಶ್ನೆ ಎತ್ತಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ದೇಶ ಶ್ರೀಮಂತವಾಯಿತು, ಜನರ ಓದು ಹೆಚ್ಚಿತು. ಹಾಗಾದರೆ ಕಳ್ಳತನ ಕಮ್ಮಿ ಆಗಬೇಕಿತ್ತಲ್ಲ, ಯಾಕೆ ಹೆಚ್ಚಾಯಿತು? ಅವರು ಕಂಡುಕೊಂಡ ಉತ್ತರ ಸರಳ. ಅಪರಾಧಕ್ಕೆ ಮೂರು ಸಂಗತಿ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಸೇರಬೇಕು. ಮಾಡುವ ಮನಸ್ಸಿರುವವನು, ಸುಲಭದ ಗುರಿ, ಮತ್ತು ಕಾಯುವವರು ಇಲ್ಲದಿರುವುದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಲು ಶುರು ಮಾಡಿದಾಗ ಹಗಲಿನಲ್ಲಿ ಮನೆಗಳು ಖಾಲಿಯಾದವು. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಬೆಲೆಬಾಳುವ ಸಾಮಾನು ಮನೆಯೊಳಗೆ ಬಂತು.

ಈಗ ಶಿರ್ವ, ಬೈಂದೂರು, ಕುಂದಾಪುರ ಕಡೆ ನೋಡಿ. ದೊಡ್ಡ ದೊಡ್ಡ ಮನೆ, ಯಜಮಾನರು ಮುಂಬೈಯಲ್ಲಿ ಅಥವಾ ದುಬೈಯಲ್ಲಿ. ವರ್ಷಕ್ಕೆ ಒಮ್ಮೆ ದೈವದ ನೇಮಕ್ಕೋ ಮದುವೆಗೋ ಬಂದು ಬೀಗ ಹಾಕಿ ಹೋಗುತ್ತಾರೆ. ಇಲ್ಲದಿದ್ದರೆ ವಯಸ್ಸಾದ ಇಬ್ಬರೇ ಇರುತ್ತಾರೆ. ಹಿತ್ತಿಲಿನ ಗೇಟಿನಿಂದ ರಸ್ತೆ ಕಾಣುವುದಿಲ್ಲ. ಆ ಪಾಠ ಓದಿದ ಮೇಲೆ ನಮ್ಮ ಊರಿನ ಮನೆಗಳ್ಳತನ ಅರ್ಥವಾಗುತ್ತದೆ. ಶಿಕ್ಷೆ ಜಾಸ್ತಿ ಮಾಡಿದರೆ ಈ ಕಳ್ಳತನ ನಿಲ್ಲುತ್ತದಾ? ಅಥವಾ ಪಕ್ಕದ ಮನೆಯವರಿಗೆ ಹೇಳಿ ಹೋಗುವುದು, ಬೀಟ್ ಪೊಲೀಸರಿಗೆ ತಿಳಿಸುವುದು, ಹೊರಗೆ ದೀಪ ಹಾಕುವುದು ಜಾಸ್ತಿ ಉಪಯೋಗಕ್ಕೆ ಬರುತ್ತದಾ? ಇದನ್ನು ಲೆಕ್ಕ ಹಿಡಿದು, ಮನೆ ಮನೆಗೆ ಹೋಗಿ ಕೇಳಿ ಅಧ್ಯಯನ ಮಾಡುವವರು ನಮ್ಮಲ್ಲಿ ಬೇಕು. ತುಂಬ ಬೇಕು.

ಉಡುಪಿ ಕೋರ್ಟ್ ರಸ್ತೆ

ನಾನು ಉಡುಪಿಯಲ್ಲಿ ವಕೀಲ. ಮೇಡಂ ಹೇಳಿದ್ದು ಸರಿ, ಆದರೂ ನನ್ನ ಅಭಿಪ್ರಾಯ ಬೇರೆ. ಮೊದಲು ಎಲ್‌ಎಲ್‌ಬಿ ಮಾಡಲಿ. ಉಡುಪಿಯಲ್ಲೇ ವೈಕುಂಠ ಬಾಳಿಗ ಕಾನೂನು ಕಾಲೇಜು ಉಂಟು, 1957ರದ್ದು. ಮಂಗಳೂರಿನಲ್ಲಿ ಎಸ್‌ಡಿಎಂ ಉಂಟು. ಪಿಯುಸಿ ಆದ ಕೂಡಲೇ ಐದು ವರ್ಷದ ಕೋರ್ಸ್, ಡಿಗ್ರಿ ಆದ ಮೇಲೆ ಮೂರು ವರ್ಷದ್ದು. ಕೈಯಲ್ಲಿ ಸನ್ನದು ಇದ್ದರೆ ಯಾರೂ ಉಪವಾಸ ಬೀಳುವುದಿಲ್ಲ. ಸರ್ಕಾರಿ ಅಭಿಯೋಜಕರಾಗಬಹುದು, ನ್ಯಾಯಾಧೀಶರ ಪರೀಕ್ಷೆ ಬರೆಯಬಹುದು. ಕ್ರಿಮಿನಾಲಜಿ ಆಮೇಲೆ ಓದಿದರಾಯಿತು.

ಇನ್ನೊಂದು ಕಾರಣ. 2024ರ ಜುಲೈ 1ರಿಂದ ಕಾನೂನೇ ಹೊಸದು. ದಂಡ ಸಂಹಿತೆಯ 511 ಕಲಂಗಳು ಹೋಗಿ ಭಾರತೀಯ ನ್ಯಾಯ ಸಂಹಿತೆಯ 358 ಬಂದವು. ಕೊಲೆಗೆ 302 ಅಂತ ಹೇಳುತ್ತಿದ್ದದ್ದು ಈಗ 103. ವಂಚನೆಗೆ 420 ಇದ್ದದ್ದು 318. ಆದರೆ ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ. ಹಾಗಾಗಿ ಈಗ ಓದುವವರು ಎರಡನ್ನೂ ಕಲಿಯಬೇಕು. ಇನ್ನೂ ಎಷ್ಟೋ ವರ್ಷ ಎರಡೂ ಬೇಕಾಗುತ್ತದೆ.

ತಂಗಿ, ನೀವು ಕೇಳಿದ ಅಜ್ಜಿಯ ಸರದ ವಿಷಯ. ಪೊಲೀಸರು ವಶಪಡಿಸಿಕೊಂಡ ಸೊತ್ತಿಗೆ ನಾವು ಮುದ್ದೆಮಾಲು ಅನ್ನುತ್ತೇವೆ. ಅದು ಸಾಕ್ಷ್ಯ. ಆರೋಪಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ. ಅದಕ್ಕೇ ಸುಮ್ನೆ ಕೊಡಲು ಆಗುವುದಿಲ್ಲ. ಆದರೆ ಕೇಸು ಮುಗಿಯುವ ತನಕ ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಮಹಜರು ಮಾಡಿ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ಬಿಟ್ಟುಕೊಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ತನಿಖೆ, ವಿಚಾರಣೆಯ ಕ್ರಮ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂನಲ್ಲಿ ಗಡುವೂ ಇದೆ. ಸೊತ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರಪಟ್ಟಿ, ಆಮೇಲೆ 30 ದಿನದೊಳಗೆ ವಿಲೇವಾರಿ ಆದೇಶ. ಅಜ್ಜಿಯ ಪರವಾಗಿ ಒಂದು ಅರ್ಜಿ ಹಾಕಿಸಬೇಕು. ಆ ಅರ್ಜಿಯ ವಿಷಯ ಅಂಥವರಿಗೆ ಯಾರೂ ಹೇಳುವುದಿಲ್ಲ, ಅದೇ ಬೇಸರದ ಸಂಗತಿ.

ವೆಲೆನ್ಸಿಯಾ ಹಳಬಳು

ವಕೀಲ್ ಸರ್, ಅರ್ಜಿಯ ವಿವರ ಕೊಟ್ಟದ್ದಕ್ಕೆ ಧನ್ಯವಾದ. ಎಲ್‌ಎಲ್‌ಬಿ ಕೆಟ್ಟ ದಾರಿ ಅಂತ ನಾನು ಹೇಳುವುದಿಲ್ಲ. ಆದರೆ ಕಾನೂನು ಓದು ಬಹುಪಾಲು ಒಂದು ಕೇಸು ಫೈಲಾದ ಮೇಲೆ ಶುರುವಾಗುತ್ತದೆ. ಫೈಲ್ ಆಗದೇ ಹೋದದ್ದನ್ನು, ಹತ್ತು ಫೈಲುಗಳ ನಡುವಿನ ಸಂಬಂಧವನ್ನು ನೋಡಲು ಬೇರೆ ಕಣ್ಣು ಬೇಕು.

ನಮ್ಮ ಜಿಲ್ಲೆಯ ಸಯನೈಡ್ ಮೋಹನ್ ಕೇಸನ್ನೇ ತೆಗೆದುಕೊಳ್ಳಿ. ಪತ್ರಿಕೆಯಲ್ಲಿ ಎಲ್ಲರೂ ಓದಿದ್ದೇವೆ. 2003ರಿಂದ 2009ರ ತನಕ 20 ಹೆಣ್ಣುಮಕ್ಕಳು ಸತ್ತರು. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಅಂತ ನಂಬಿಸಿ ದೂರದ ಊರಿಗೆ ಕರೆದುಕೊಂಡು ಹೋಗುತ್ತಿದ್ದ. ಗರ್ಭ ತಡೆಯುವ ಮಾತ್ರೆ ಅಂತ ಸಯನೈಡ್ ಕೊಡುತ್ತಿದ್ದ. ಶವ ಸಿಕ್ಕಿದ್ದು ಬಸ್ ನಿಲ್ದಾಣದ ಶೌಚಾಲಯಗಳಲ್ಲಿ. 2013ರಲ್ಲಿ ಮಂಗಳೂರಿನ ಕೋರ್ಟ್ ಅವನನ್ನು ಅಪರಾಧಿ ಅಂತ ತೀರ್ಮಾನಿಸಿತು.

ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಅಂತಲೇ ಎಲ್ಲರೂ ಮಾತಾಡುತ್ತಾರೆ. ಕ್ರಿಮಿನಾಲಜಿ ಓದಿದವರು ಬೇರೆ ಪ್ರಶ್ನೆ ಕೇಳಬೇಕು. ಅಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ? ಮನೆಯಿಂದ ಹೋದದ್ದು ಒಂದು ಊರಲ್ಲಿ, ಶವ ಸಿಕ್ಕಿದ್ದು ಇನ್ನೊಂದು ಊರಲ್ಲಿ. ಇಲ್ಲಿ ಕಾಣೆಯಾದವರ ಫೈಲ್, ಅಲ್ಲಿ ಗುರುತು ಸಿಗದ ಶವದ ಫೈಲ್. ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ವ್ಯವಸ್ಥೆ ಇರಲಿಲ್ಲ. ಇದಕ್ಕೆ ನಮ್ಮ ವಿಷಯದಲ್ಲಿ ಬೇರೆಯೇ ಅಧ್ಯಯನ ಉಂಟು. ಒಂದೇ ಕೈಯ ಅಪರಾಧಗಳು ಬೇರೆ ಬೇರೆ ಠಾಣೆಯಲ್ಲಿ ಹಂಚಿಹೋದಾಗ ಕೊಂಡಿ ಕಾಣದೇ ಹೋಗುವುದು ಜಗತ್ತಿನ ಎಷ್ಟೋ ಕಡೆ ಆಗಿದೆ. ಠಾಣೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದೂ 2009ರಲ್ಲೇ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಭಾರದ್ದು. ಅವನು ಆರಿಸಿಕೊಂಡದ್ದು ಬಡ ಮನೆಯ, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳನ್ನು. ಹುಡುಗಿ ಓಡಿಹೋದಳು ಅಂತ ಊರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಅಂತ ಮನೆಯವರು ಬಾಯಿ ಬಿಡುವುದಿಲ್ಲ. ನಮ್ಮ ಸಮಾಜದ ಆ ಮೌನ ಅವನಿಗೆ ಅನುಕೂಲವಾಯಿತು. ಇದನ್ನು ಯಾವ ಕಲಂನಲ್ಲಿ ಹುಡುಕುವುದು? ಪ್ರಾಯದ ಹುಡುಗಿ ಕಾಣೆಯಾದರೆ ‘ಯಾರ ಜೊತೆಯೋ ಹೋಗಿರಬಹುದು’ ಅನ್ನುವ ಮಾತು ಈಗಲೂ ಕೇಳುತ್ತೇವೆ. ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ನಿವೃತ್ತ ಖಾಕಿ

ನಾನು ಇಲಾಖೆಯಿಂದ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತ. ಮೇಡಂ ಹೇಳಿದ ಗುರುತು ಸಿಗದ ಶವದ ಫೈಲುಗಳ ವಿಷಯ ನಿಜ, ನಾವು ಅದಕ್ಕೆ ಯುಡಿಆರ್ (ಅಸಹಜ ಸಾವಿನ ವರದಿ) ಅನ್ನುತ್ತೇವೆ. ಅಸಹಜ ಸಾವು ಅಂತ ದಾಖಲಾದರೆ, ಹಿಂದೆ ಬಿದ್ದು ಕೇಳುವವರು ಇಲ್ಲದಿದ್ದರೆ, ಅದು ಮೂಲೆಗೆ ಹೋಗುವ ಸಾಧ್ಯತೆ ಜಾಸ್ತಿ. ಬಂದೋಬಸ್ತ್, ಸಮನ್ಸ್, ವಿಐಪಿ ಡ್ಯೂಟಿ ಮುಗಿಸಿ ತನಿಖೆಗೆ ಸಮಯ ಸಿಗಬೇಕು ಮಾರಾಯ್ರೆ. ಅದನ್ನೂ ಓದುವವರು ತಿಳಿದುಕೊಳ್ಳಬೇಕು. ಠಾಣೆಯನ್ನು ಹೊರಗಿನಿಂದ ಬೈಯುವುದು ಸುಲಭ.

ಈ ಓದಿನವರು ನಮಗೆ ಬೇಕು ಅಂತ ನಾನು ಒಪ್ಪುತ್ತೇನೆ. ಹೊಸ ಕಾನೂನಿನಲ್ಲಿ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಜಾಗಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು. ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂನ ಮೂರನೇ ಉಪಕಲಂ. ರಾಜ್ಯಗಳಿಗೆ ತಯಾರಾಗಲು ಐದು ವರ್ಷ ಕೊಟ್ಟಿದ್ದಾರೆ. ಶೋಧ, ಜಪ್ತಿ ಎಲ್ಲದರದ್ದೂ ವಿಡಿಯೊ ಬೇಕು. ನಮ್ಮ ರಾಜ್ಯದಲ್ಲಿ ಅಪರಾಧ ನಡೆದ ಜಾಗ ನೋಡಲಿಕ್ಕೆ ಅಂತಲೇ ಸೋಕೋ ಅಧಿಕಾರಿಗಳನ್ನು ನೇಮಿಸಿದ್ದಾರೆ. ಮೊದಲೆಲ್ಲ ಪಂಚರನ್ನು, ಅಂದರೆ ಮಹಜರಿಗೆ ಸಾಕ್ಷಿಯಾಗುವವರನ್ನು, ಹುಡುಕಿ ತಂದು ಮಹಜರಿಗೆ ಸಹಿ ಹಾಕಿಸುವುದೇ ದೊಡ್ಡ ಕೆಲಸ. ವರ್ಷಗಟ್ಟಲೆ ಕಳೆದು ಕೋರ್ಟಿಗೆ ಬಂದಾಗ ‘ನಾನು ನೋಡಿಲ್ಲ, ಠಾಣೆಯಲ್ಲಿ ಸಹಿ ಹಾಕಿದೆ’ ಅನ್ನುತ್ತಿದ್ದರು. ಕೇಸು ಅಲ್ಲಿಗೆ ಬಿತ್ತು.

ಕರಾವಳಿಯಲ್ಲಿ ಇನ್ನೊಂದು ಕಷ್ಟ ಮಳೆ. ಜೂನ್, ಜುಲೈಯಲ್ಲಿ ಅಂಗಳದಲ್ಲಿ ಕೊಲೆ ಆದರೆ ನಾವು ಹೋಗುವಷ್ಟರಲ್ಲಿ ಹೆಜ್ಜೆ ಗುರುತು, ರಕ್ತ ಎರಡೂ ಇಲ್ಲ. ಹೋದ ಕೂಡಲೇ ಟಾರ್ಪಾಲು ಕಟ್ಟಬೇಕು. ಮನೆಯವರು ಒಳಗೆಲ್ಲ ಗುಡಿಸಿ ಒರೆಸಿ ಇಟ್ಟಿರುತ್ತಾರೆ, ಅವರಿಗೆ ಬೇಡ ಅಂತ ಯಾರು ಹೇಳಿಕೊಟ್ಟಿದ್ದಾರೆ?

ಧಾರವಾಡ ಪೇಡೆ

ನಾನು ಮೂಡುಬಿದಿರೆಯವನು, ಧಾರವಾಡದಲ್ಲಿ ಫೊರೆನ್ಸಿಕ್ ಓದುತ್ತಿದ್ದೇನೆ. ನಿವೃತ್ತ ಸರ್ ಹೇಳಿದ ಮಳೆಯ ವಿಷಯಕ್ಕೆ ಒಂದು ಸೇರಿಸುತ್ತೇನೆ. ರಕ್ತ ತಾಗಿದ ಬಟ್ಟೆಯನ್ನು ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ನಮ್ಮ ಕಡೆಯ ಸೆಕೆಗೆ ಬೂಸ್ಟು ಬರುತ್ತದೆ, ಡಿಎನ್‌ಎ ಹಾಳಾಗುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಹಾಕಬೇಕು. ಎಷ್ಟು ಒಳ್ಳೆಯ ಲ್ಯಾಬ್ ಇದ್ದರೂ ಈ ಮೊದಲ ಹೆಜ್ಜೆ ತಪ್ಪಿದರೆ ಏನೂ ಮಾಡಲು ಆಗುವುದಿಲ್ಲ.

ಕರಾವಳಿಯವರಿಗೆ ಹತ್ತಿರದ ಇನ್ನೊಂದು ಪಾಠ ಡಯಾಟಮ್. ಹೊಳೆಯಲ್ಲಿ ಶವ ಸಿಕ್ಕಿತು ಅಂದುಕೊಳ್ಳಿ. ಮುಳುಗಿ ಸತ್ತದ್ದಾ, ಸಾಯಿಸಿ ಎಸೆದದ್ದಾ? ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಅದಕ್ಕೆ ಸಿಲಿಕಾದ ಚಿಪ್ಪು. ಜೀವ ಇರುವಾಗ ನೀರು ಒಳಗೆ ಹೋದರೆ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆಯ ತನಕ ತಲುಪಬಹುದು. ಸತ್ತ ಮೇಲೆ ಹೃದಯ ಬಡಿಯುವುದಿಲ್ಲ, ಹಾಗಾಗಿ ಅಷ್ಟು ಒಳಗೆ ಹೋಗುವುದಿಲ್ಲ. ಮಜ್ಜೆಯಲ್ಲಿ ಸಿಕ್ಕಿದ್ದನ್ನು ಆ ಜಾಗದ ನೀರಿನ ಜೊತೆ ಹೋಲಿಸುತ್ತಾರೆ. ಸಿಹಿನೀರಿನ ಜಾತಿ ಬೇರೆ, ಉಪ್ಪುನೀರಿನದ್ದು ಬೇರೆ. ನೇತ್ರಾವತಿ, ಫಲ್ಗುಣಿ ಸಮುದ್ರ ಸೇರುವ ಅಳಿವೆಯಲ್ಲಿ ಎರಡೂ ಬೆರೆತಿರುತ್ತವೆ. ಈ ಪರೀಕ್ಷೆ ಒಂದರಿಂದಲೇ ತೀರ್ಮಾನ ಮಾಡುವುದಿಲ್ಲ, ಮರಣೋತ್ತರ ವರದಿಯ ಜೊತೆಗಿಟ್ಟು ನೋಡುತ್ತಾರೆ.

ಸೈನ್ಸ್ ಓದಿದ ತಮ್ಮ ತಂಗಿಯರು ಇದ್ದರೆ ಧಾರವಾಡದಲ್ಲೇ ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನಗಳ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಉಂಟು. ಮಂಗಳೂರಿನಲ್ಲಿ ಪ್ರಾದೇಶಿಕ ಪ್ರಯೋಗಾಲಯ ಇದೆ. ದೊಡ್ಡದು ಬೆಂಗಳೂರಿನ ಮಡಿವಾಳದ್ದು.

ಕಾರ್ಕಳದ ಅಪ್ಪ

ನನಗೂ ಇದೇ ಓದು ಬೇಕು ಅನ್ನುವ ಮಗಳಿದ್ದಾಳೆ. ಎಲ್ಲರೂ ಚಂದ ಬರೆದಿದ್ದೀರಿ. ಆದರೆ ಸಂಬಳದ ಮಾತು ಯಾರೂ ಎತ್ತಲಿಲ್ಲ. ಫೀಸು ಕಟ್ಟುವವರು ನಾವು. ಈ ಡಿಗ್ರಿ ಇದ್ದರೆ ಮಾತ್ರ ಸಿಗುವ ಸರ್ಕಾರಿ ಕೆಲಸ ಯಾವುದು? ನೇರವಾಗಿ ಹೇಳಿ.

ವೆಲೆನ್ಸಿಯಾ ಹಳಬಳು

ಅಣ್ಣ, ನೇರವಾಗಿ ಹೇಳುತ್ತೇನೆ. ಕ್ರಿಮಿನಾಲಜಿ ಓದಿದವರಿಗೇ ಅಂತ ಮೀಸಲಿಟ್ಟ ಹುದ್ದೆ ತುಂಬ ಕಮ್ಮಿ. ಇದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಪಿಎಸ್ಐ ಪರೀಕ್ಷೆಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಯುಪಿಎಸ್‌ಸಿಯ ಐಚ್ಛಿಕ ವಿಷಯಗಳಲ್ಲಿ ಕ್ರಿಮಿನಾಲಜಿ ಇಲ್ಲ. ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನು ಇವೆ. ಕಾಲೇಜಿನಲ್ಲಿ ಪಾಠ ಮಾಡಲು ಯುಜಿಸಿ ನೆಟ್‌ನಲ್ಲಿ ಕ್ರಿಮಿನಾಲಜಿ ಪ್ರತ್ಯೇಕ ವಿಷಯ.

ಹಾಗಾದರೆ ಓದಿದವರು ಎಲ್ಲಿದ್ದಾರೆ? ನನ್ನ ಜೊತೆಯವರಲ್ಲಿ ಕೆಲವರು ಮಕ್ಕಳ ರಕ್ಷಣಾ ಘಟಕದಲ್ಲಿ, ಕೆಲವರು ಕೌಟುಂಬಿಕ ಹಿಂಸೆಯ ಸಂತ್ರಸ್ತರ ಜೊತೆ ಕೆಲಸ ಮಾಡುವ ಸಂಸ್ಥೆಗಳಲ್ಲಿ ಇದ್ದಾರೆ. ಗುತ್ತಿಗೆ ಕೆಲಸ ಜಾಸ್ತಿ, ಸಂಬಳ ಕಮ್ಮಿ. ಚೆನ್ನಾಗಿ ಸಂಬಳ ಸಿಗುತ್ತಿರುವುದು ಬ್ಯಾಂಕು ಮತ್ತು ದೊಡ್ಡ ಕಂಪನಿಗಳ ವಂಚನೆ ಪತ್ತೆ ವಿಭಾಗಗಳಲ್ಲಿ. ಅಕ್ರಮ ಹಣದ ವರ್ಗಾವಣೆ ಗುರುತಿಸುವವರು, ಸೈಬರ್ ವಂಚನೆಯ ಜಾಡು ಹಿಡಿಯುವವರು ಅವರಿಗೆ ಬೇಕು. ಅದಕ್ಕೆ ಲೆಕ್ಕಪತ್ರ ಓದಲು ಬರಬೇಕು, ಕಂಪ್ಯೂಟರ್ ಗೊತ್ತಿರಬೇಕು.

ಕಾಪು ತಂಗಿ, ಇಲ್ಲಿ ನಿಮ್ಮ ಅಪ್ಪನ ಮಾತಿಗೂ ಜಾಗ ಉಂಟು. ಸದರ್‌ಲ್ಯಾಂಡ್ ಅನ್ನುವವರು 1939ರಲ್ಲಿ ಒಂದು ಭಾಷಣ ಮಾಡಿದರು. ಅಪರಾಧ ಅಂದರೆ ಬಡವರ ಕೆಲಸ ಅಂತ ನಂಬಿದ್ದೀರಿ, ಒಳ್ಳೆಯ ಹುದ್ದೆಯಲ್ಲಿ ಕೂತವರು ಆ ಹುದ್ದೆಯಿಂದಲೇ ಮಾಡುವ ಅಪರಾಧ ನಿಮ್ಮ ಲೆಕ್ಕದಲ್ಲೇ ಇಲ್ಲ ಅನ್ನುವುದು ಅದರ ಸಾರ. ನಮ್ಮದು ಬ್ಯಾಂಕುಗಳು ಹುಟ್ಟಿದ ನೆಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್. ಬಿ.ಕಾಂ. ಮಾಡಿ ಆಮೇಲೆ ಕ್ರಿಮಿನಾಲಜಿಗೆ ಬಂದವರು ಸಾಲ ವಂಚನೆ, ಸಹಕಾರಿ ಸಂಘಗಳ ಅವ್ಯವಹಾರ ಇವನ್ನು ಓದಿದರೆ ಎಷ್ಟು ಒಳ್ಳೆಯದು. ಠೇವಣಿ ಇಟ್ಟು ಕಳೆದುಕೊಂಡ ಹಿರಿಯರನ್ನು ನೋಡಿದವರಿಗೆ ಇದರ ನೋವು ಗೊತ್ತು.

ಕಾರ್ಕಳದ ಅಪ್ಪ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಉಪಕಾರ ಆಯಿತು. ಮಗಳಿಗೆ ತೋರಿಸುತ್ತೇನೆ.

ಬಲ್ಮಠ ಬಸ್‌ಸ್ಟಾಪ್

ಒಂದು ಮಾತು. ಕಳ್ಳರ ಬಗ್ಗೆ ಇಷ್ಟು ಓದುವ ಬದಲು ಶಿಕ್ಷೆ ಗಟ್ಟಿ ಮಾಡಿದರೆ ಸಾಕು ಅಂತ ನನಗೆ ಅನಿಸುತ್ತದೆ. ಯಾಕೆ ಮಾಡಿದ ಅಂತ ಕೇಳುತ್ತಾ ಕೂತರೆ ಮಾಡಿದವನಿಗೇ ಸಹಾಯ ಆಗುವುದಲ್ವಾ?

ಜೈಲ್ ರೋಡ್ ಸ್ವಯಂಸೇವಕ

ಈ ಪ್ರಶ್ನೆ ತುಂಬ ಜನರಿಗೆ ಇದೆ. ನಾನು ಕಾನೂನು ನೆರವಿನ ಸ್ವಯಂಸೇವಕನಾಗಿ ಜೈಲಿಗೆ ಹೋಗುತ್ತೇನೆ. ಶಿಕ್ಷೆ ಎಷ್ಟು ಕಠಿಣ ಅನ್ನುವುದಕ್ಕಿಂತ ಎಷ್ಟು ಖಚಿತ, ಎಷ್ಟು ಬೇಗ ಅನ್ನುವುದು ಮುಖ್ಯ ಅಂತ ಇಟಲಿಯ ಬೆಕಾರಿಯಾ 1764ರಲ್ಲೇ ಬರೆದರು. ಸಿಕ್ಕಿಬೀಳುವುದಿಲ್ಲ ಅಂತ ಧೈರ್ಯ ಇರುವವನಿಗೆ ಶಿಕ್ಷೆ ಹತ್ತು ವರ್ಷ ಆದರೂ ಒಂದೇ, ಇಪ್ಪತ್ತು ಆದರೂ ಒಂದೇ.

ಇನ್ನು ಜೈಲಿನಲ್ಲಿ ಇರುವವರು ಯಾರು ಅಂತ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಲೆಕ್ಕದಲ್ಲಿ ದೇಶದ ಕೈದಿಗಳ ಪೈಕಿ 75.8 ಶೇಕಡಾ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಬೋಟಿಗೆ ಹೋಗುವ ಹೊರರಾಜ್ಯದ ಹುಡುಗ ಜಗಳದ ಕೇಸಿನಲ್ಲಿ ಒಳಗೆ ಹೋದ ಅಂತ ಇಟ್ಟುಕೊಳ್ಳಿ. ಜಾಮೀನು ಸಿಗುತ್ತದೆ. ಆದರೆ ಶ್ಯೂರಿಟಿಗೆ ಪಹಣಿ ತಂದು ನಿಲ್ಲುವವರು ಯಾರು? ಇಲ್ಲಿ ಅವನಿಗೆ ಯಾರೂ ಇಲ್ಲ. ಜಾಮೀನು ಆದೇಶ ಆಗಿಯೂ ಅವನು ಒಳಗೇ. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಸೂಚನೆ ಕೊಟ್ಟಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ ಅಥವಾ ಜೀವಾವಧಿ ಇರುವ ಅಪರಾಧಕ್ಕೆ ಇದು ಇಲ್ಲ. ಬೇರೆ ಕೇಸುಗಳು ಬಾಕಿ ಇದ್ದರೂ ಇಲ್ಲ.

ಇಂಥ ಕಾನೂನು ಇದ್ದು ಪ್ರಯೋಜನವಾಗಬೇಕಾದರೆ ಒಳಗೆ ಹೋಗಿ ಒಬ್ಬೊಬ್ಬರ ತಾರೀಕು ಲೆಕ್ಕ ಹಾಕುವವರು ಬೇಕು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರ ‘ಪ್ರಯಾಸ್’ ಯೋಜನೆ 1990ರಿಂದ ಮಹಾರಾಷ್ಟ್ರದ ಜೈಲುಗಳಲ್ಲಿ ಕೈದಿಗಳ ನಡುವೆ ಕೆಲಸ ಮಾಡುತ್ತಿದೆ. ಮಂಗಳೂರಿನ ಕೊಡಿಯಾಲ್‌ಬೈಲಿನ ಜೈಲಿನಲ್ಲೂ ಹಾಗೆ ಓದಿ ತಯಾರಾದವರು ಬರಬೇಕು ಅಂತ ನನ್ನ ಆಸೆ.

ವೆಲೆನ್ಸಿಯಾ ಹಳಬಳು

ಯಾಕೆ ಅಂತ ಕೇಳುವುದನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ ಇತಿಹಾಸವೇ ಉಂಟು. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಅಪರಾಧಿಗಳು ಅಂತ ಹೆಸರು ಬರೆದುಕೊಂಡರು. 1876ರಲ್ಲಿ ಇಟಲಿಯ ಲೊಂಬ್ರೋಸೊ ಅಪರಾಧಿಗಳನ್ನು ದವಡೆ, ಕಿವಿ, ಹಣೆ ನೋಡಿ ಗುರುತಿಸಬಹುದು ಅಂದರು. ಲೊಂಬ್ರೋಸೊ ಹೇಳಿದ್ದನ್ನು ಆಮೇಲಿನವರು ಅಳತೆ ಮಾಡಿಯೇ ತಳ್ಳಿಹಾಕಿದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಊರಿಗೆ ಬಂದ ಅಲೆಮಾರಿಗಳ ಮೇಲೆ ಮೊದಲು ಅನುಮಾನ ಬೀಳುವುದು ಮಾತ್ರ ಈಗಲೂ ನಿಂತಿಲ್ಲ.

ನನ್ನ ಕೆಲಸದ ಒಂದು ಮಾತು ಹೇಳುತ್ತೇನೆ. ಬೈಕ್ ಕದ್ದ ಹದಿನಾರರ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತಾನೆ. ಅವನನ್ನು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ಅವನ ಮನೆ, ಶಾಲೆ, ಗೆಳೆಯರು, ಕುಡಿತ, ಎಲ್ಲವನ್ನೂ ತಿಳಿದು ಸಾಮಾಜಿಕ ತನಿಖಾ ವರದಿ ಬರೆಯಬೇಕು. ಶಾಲೆ ಬಿಟ್ಟದ್ದು ಯಾವಾಗ, ಯಾಕೆ ಅನ್ನುವಲ್ಲಿ ನನಗೆ ಹೆಚ್ಚಿನ ಸಲ ದಾರಿ ಸಿಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಹಿರ್ಷಿ 1969ರಲ್ಲಿ ಕೇಳಿದ್ದು ಇದನ್ನೇ. ಬಹಳ ಜನ ಯಾಕೆ ಅಪರಾಧ ಮಾಡುವುದಿಲ್ಲ? ಮನೆ, ಶಾಲೆ, ಊರಿನ ಜೊತೆಗಿರುವ ನಂಟು ಅವರನ್ನು ಹಿಡಿದಿಡುತ್ತದೆ ಅಂದರು. ಆ ನಂಟು ಎಲ್ಲಿ ಕಡಿಯಿತು ಅಂತ ಗೊತ್ತಾದರೆ ಮತ್ತೆ ಕಟ್ಟಲು ಪ್ರಯತ್ನಿಸಬಹುದು. ಎಲ್ಲರೂ ಸುಧಾರಿಸುತ್ತಾರೆ ಅಂತ ನಾನು ಹೇಳುವುದಿಲ್ಲ. ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ದುಡಿಯುವವರನ್ನು ನೋಡಿದ್ದೇನೆ. ಬೈಕ್ ಕಳೆದುಕೊಂಡವರಿಗೂ ಅದು ಒಳ್ಳೆಯದೇ ಅಲ್ವಾ?

ಇಪ್ಪತ್ತೊಂದು ತುಂಬದವರಿಗೆ 1958ರ ಪ್ರೊಬೇಷನ್ ಕಾಯ್ದೆಯೂ ಇದೆ. ಶಿಕ್ಷೆ ಜೀವಾವಧಿಯಷ್ಟು ದೊಡ್ಡದಲ್ಲದಿದ್ದರೆ ಜೈಲಿಗೆ ಕಳಿಸುವ ಮೊದಲು ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ನೋಡಬೇಕು. ಹೊಸ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ. 5,000 ರೂಪಾಯಿಗಿಂತ ಕಮ್ಮಿ ಬೆಲೆಯ ಕಳ್ಳತನ ಮೊದಲ ಸಲ ಮಾಡಿ, ವಸ್ತು ಹಿಂದೆ ಕೊಟ್ಟರೆ ಅದು ಅನ್ವಯ. ಯಾವ ಸೇವೆ, ಯಾರು ನೋಡಿಕೊಳ್ಳುವುದು, ಮುಗಿಸಿದ ಅಂತ ಯಾರು ಬರೆದುಕೊಡುವುದು? ಈ ಓದಿನವರಿಗೆ ಇಲ್ಲಿ ಬೇಕಾದಷ್ಟು ಕೆಲಸ ಕಾದಿದೆ.

ನಿವೃತ್ತ ಖಾಕಿ

ಬಲ್ಮಠದವರ ಸಿಟ್ಟೂ ನನಗೆ ಅರ್ಥವಾಗುತ್ತದೆ. ಸರ ಕಳೆದುಕೊಂಡವರ ಕುತ್ತಿಗೆಯ ಗಾಯ ನೋಡಿದವರಿಗೆ ಸಿಟ್ಟು ಬರುತ್ತದೆ. ಹೊಸ ಕಾನೂನಿನಲ್ಲಿ ಎಳೆದುಕೊಂಡು ಹೋಗುವುದಕ್ಕೇ ಬೇರೆ ಕಲಂ ಮಾಡಿದ್ದಾರೆ, 304. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ಪೊಲೀಸರು ತಿಳಿಸಬೇಕು ಅಂತಲೂ ಇದೆ. ದೂರು ಕೊಟ್ಟವರು ಇದನ್ನು ಕೇಳಿ ಪಡೆಯಿರಿ. ಸೈಬರ್ ವಂಚನೆ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಹಣ ಬೇರೆ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯ. ನಾಚಿಕೆಯಿಂದ ಹೇಳದೇ ಕೂತವರ ಹಣ ಹೋಗಿಯೇ ಹೋಗುತ್ತದೆ.

ಕಾಪು ಕಡಲು

ಎಲ್ಲರಿಗೂ ತುಂಬ ಧನ್ಯವಾದ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಬ್ಯಾಂಕ್ ವಂಚನೆಯ ಭಾಗ ಎರಡು ಸಲ ಓದಿಸಿದರು. ಡಿಗ್ರಿಯಲ್ಲಿ ಮನಃಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡು ಆಮೇಲೆ ಸ್ನಾತಕೋತ್ತರಕ್ಕೆ ಬರುವುದು ಅಂತ ಸದ್ಯಕ್ಕೆ ಮಾತಾಗಿದೆ. ಕಾಲೇಜು ಶುರುವಾಗುವ ಮೊದಲು ಏನಾದರೂ ಕಲಿಯಬಹುದಾ? ಕೋರ್ಟಿನಲ್ಲಿ ಸುಮ್ನೆ ಕೂತು ನೋಡಲು ಬಿಡುತ್ತಾರಾ?

ಉಡುಪಿ ಕೋರ್ಟ್ ರಸ್ತೆ

ಬಿಡುತ್ತಾರೆ. ಕ್ರಿಮಿನಲ್ ಕೋರ್ಟು ತೆರೆದ ನ್ಯಾಯಾಲಯ, ಜಾಗ ಇದ್ದರೆ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಅತ್ಯಾಚಾರ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಕೇಸುಗಳ ವಿಚಾರಣೆ ಮಾತ್ರ ಬಾಗಿಲು ಹಾಕಿ ನಡೆಯುತ್ತದೆ, ಆಗ ಹೊರಗೆ ಬರಬೇಕು. ಬಾಲನ್ಯಾಯ ಮಂಡಳಿಗೂ ಪ್ರವೇಶ ಇಲ್ಲ. ಗುರುತಿನ ಚೀಟಿ ಇಟ್ಟುಕೊಳ್ಳಿ, ಫೋನ್ ಆಫ್ ಮಾಡಿ, ಫೋಟೊ ತೆಗೆಯಬೇಡಿ. ಬೆಳಿಗ್ಗೆ ಕರೆಯುವ ಕೇಸುಗಳಲ್ಲಿ ಬರೀ ಮುಂದಿನ ತಾರೀಕು ಕೊಡುವುದೇ ಜಾಸ್ತಿ. ಸಾಕ್ಷಿ ವಿಚಾರಣೆ ಯಾವ ಹೊತ್ತಿಗೆ ಅಂತ ಬೆಂಚ್ ಕ್ಲರ್ಕ್ ಹತ್ತಿರ ಮೆಲ್ಲ ಕೇಳಿ, ಅದನ್ನೇ ನೋಡಿ. ಪಾಟೀಸವಾಲಿನಲ್ಲಿ ಕಲಿಯಲು ತುಂಬ ಇರುತ್ತದೆ. ಮೊದಲ ದಿನ ಬರುವಾಗ ಅಮ್ಮನನ್ನೂ ಕರೆದುಕೊಂಡು ಬನ್ನಿ. ನಮ್ಮ ಆಫೀಸಿನ ಜೂನಿಯರ್ ಹುಡುಗಿ ಇದ್ದಾಳೆ, ವೇದಿಕೆಯಲ್ಲೇ ನನಗೆ ಮೆಸೇಜ್ ಹಾಕಿದರೆ ಅವಳು ನಿಮ್ಮ ಜೊತೆ ಕೂತು ಯಾವುದು ಏನು ಅಂತ ಹೇಳಿಕೊಡುತ್ತಾಳೆ.